ಆ ನಿಲುವಂಗಿ ಯಾರ ಅಳತೆಯದು?

ನಮ್ಮ ಮನೆಯ ಗೇಟಿನ ಹೊರಗೆ, ಕಾಂಪೌಂಡ್ ಗೋಡೆಗೆ ಒರಗಿಸಿದಂತೆ, ಒಂದು ಮರದ ಕುರ್ಚಿ ಇರುತ್ತಿತ್ತು. ಬೀದಿಗೆ ಹೊಸದಾಗಿ ಬಂದವರು ಅದನ್ನು ಕಂಡು ನಾವು ಕಾವಲುಗಾರನನ್ನು ಇಟ್ಟಿದ್ದೇವೆ ಅಂದುಕೊಳ್ಳುತ್ತಿದ್ದರು. ಕಾವಲು ಕಾಯಿಸುವಂಥ ಆಸ್ತಿ ನಮ್ಮಲ್ಲಿ ಏನೂ ಇರಲಿಲ್ಲ. ಅದು ನನ್ನ ದೊಡ್ಡಮ್ಮನ ಕುರ್ಚಿ. ದೊಡ್ಡಮ್ಮ ಎಂದರೆ ಅಮ್ಮನ ಒಡಹುಟ್ಟಿದ ಅಕ್ಕ. ಎರಡು ಬೀದಿ ಆಚೆ ದರ್ಜಿ ಅಂಗಡಿ ನಡೆಸುತ್ತಿದ್ದಳು. ವಾರಕ್ಕೆ ಒಂದೆರಡು ಸಲವಾದರೂ ನಮ್ಮ ಮನೆಗೆ ಬರುವಳು. ಬಂದವಳು ಗೇಟು ಮಾತ್ರ ದಾಟುತ್ತಿರಲಿಲ್ಲ. ಮೊದಮೊದಲು ನಿಂತೇ ಮಾತಾಡಿ ಹೋಗುತ್ತಿದ್ದಳಂತೆ. ಅವಳಿಗೆ ಮಂಡಿನೋವು ಶುರುವಾದ ಮೇಲೆ ಅಪ್ಪ ಒಂದು ದಿನ ಯಾರಿಗೂ ಏನೂ ಹೇಳದೆ ಅಡುಗೆಮನೆಯ ಕುರ್ಚಿಯೊಂದನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟುಬಂದ. ಮಳೆ ಬಂದರೆ ಅದನ್ನು ಒಳಗೆ ತರುವುದು, ಮಳೆ ನಿಂತ ಮೇಲೆ ಒರೆಸಿ ಮತ್ತೆ ಹೊರಗಿಡುವುದು ನನ್ನ ಪಾಲಿನ ಮನೆಗೆಲಸ.

ಅವಳು ಕುರ್ಚಿಯಲ್ಲಿ, ಅಮ್ಮ ಗೇಟಿನ ಒಳಗೆ ಮೆಟ್ಟಿಲ ಮೇಲೆ. ಟೀ ಗೇಟಿನ ಕಂಬಿಗಳ ನಡುವೆ ಹೊರಗೆ ಹೋಗುತ್ತಿತ್ತು, ಖಾಲಿ ಲೋಟ ಅದೇ ದಾರಿಯಲ್ಲಿ ಒಳಗೆ ಬರುತ್ತಿತ್ತು. ನನ್ನ ಫ್ರಾಕು, ಶಾಲೆಯ ಯೂನಿಫಾರ್ಮು, ಚರ್ಚಿಗೆ ಹಾಕುವ ಒಳ್ಳೆಯ ಬಟ್ಟೆ ಎಲ್ಲವೂ ಗೇಟಿನ ಮೇಲಿಂದಲೇ ಕೈ ಬದಲಾದವು. ಅಳತೆ ಸರಿಯಾಗಿದೆಯೇ ನೋಡಲು ನಾನು ಬೀದಿಗೆ ಬಂದು, ಉಟ್ಟ ಬಟ್ಟೆಯ ಮೇಲೇ ಹೊಸದನ್ನು ಹಾಕಿಕೊಂಡು ಒಂದು ಸುತ್ತು ತಿರುಗಬೇಕು. ಎದುರುಮನೆಯವರು ಕಿಟಕಿಯಿಂದ ನೋಡಿ ತೋಳು ಉದ್ದವಾಯಿತು, ಗಿಡ್ಡವಾಯಿತು ಎಂದು ಅಭಿಪ್ರಾಯ ಕೊಡುವರು. ಜಗಳವಾಡಿ ಮಾತು ಬಿಟ್ಟ ಅಕ್ಕತಂಗಿಯರನ್ನು ಎಷ್ಟೋ ಕಡೆ ಕಂಡಿದ್ದೇನೆ. ಮಾತು ಇಟ್ಟುಕೊಂಡು ಬಾಗಿಲು ಮಾತ್ರ ಬಿಟ್ಟವರನ್ನು ಇವರಿಬ್ಬರನ್ನು ಬಿಟ್ಟರೆ ಇನ್ನೆಲ್ಲೂ ಕಾಣೆ.

ಅಂಗಡಿ ಮೊದಲು ತಾತನದಾಗಿತ್ತು. ಉದ್ದನೆಯ ಕೋಣೆ, ಬೀದಿಗೆ ಒಂದು ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಎರಡು ಮಿಷಿನ್ನು. ನಡುವೆ ಕತ್ತರಿಸುವ ಮೇಜು. ಅದರ ಅಂಚು ಕೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಮಿಷಿನ್ ಎಣ್ಣೆ, ನೀರು ಚಿಮುಕಿಸಿದ ಬಟ್ಟೆಗೆ ಇಸ್ತ್ರಿ ಇಟ್ಟಾಗ ಏಳುವ ಹಬೆ, ಹೊಸ ಬಟ್ಟೆಯ ಗಂಜಿ, ಈ ವಾಸನೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಿದ್ದರೆ ನನ್ನ ವಯಸ್ಸು ತಟ್ಟನೆ ಇಳಿದುಬಿಡುತ್ತದೆ. ಈಗ ಅದೇ ಕೋಣೆಯಲ್ಲಿ ನಾನು ಕೂತಿದ್ದೇನೆ. ಮಿಷಿನ್ನಿಗೆ ಮೋಟಾರು ಬಂದಿದೆ. ಜನ ರೆಡಿಮೇಡ್ ತಂದು "ಸ್ವಲ್ಪ ಹಿಡಿದುಕೊಡಿ" ಎನ್ನುತ್ತಾರೆ. ಯಾರದೋ ಅಳತೆಗೆ ಹೊಲಿದ ಬಟ್ಟೆಯೊಳಗೆ ತಮ್ಮ ಮೈ ತುರುಕುವ ಕಾಲ ಬಂತು. ಇರಲಿ, ನನ್ನ ಗೊಣಗಾಟ ಯಾರಿಗೆ ಬೇಕು.

ದೊಡ್ಡಮ್ಮನ ಭುಜ ಅಗಲ, ಕೋಪ ಮೂಗಿನ ತುದಿಯಲ್ಲಿ, ಟೇಪು ಸದಾ ಕುತ್ತಿಗೆಯಲ್ಲಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಬಲ್ಲಳು. ಮಾತು ಬೇಡವಾದಾಗ ಆ ಗುಂಡುಸೂಜಿಯೇ ನೆಪ. ನನಗೆ ಕೆಲಸ ಕಲಿಸಿದವಳು ಅವಳೇ. ಶಾಲೆ ಮುಗಿಸಿ ನೇರ ಅಂಗಡಿಗೆ ಹೋದರೆ ಮೊದಲು ಕೈ ತೊಳೆಸುವಳು, ಆಮೇಲೆ ಬ್ರೆಡ್ಡು, ಆಮೇಲೆ ಮತ್ತೆ ಕೈ ತೊಳೆಸುವಳು. ನಂತರವೇ ಸೂಜಿ. ತಾತ ಹೇಳಿಕೊಟ್ಟ ಪಾಠಗಳನ್ನು ತಾತನ ದನಿಯಲ್ಲೇ ಒಪ್ಪಿಸುತ್ತಿದ್ದಳು. ಅದರಲ್ಲಿ ಒಂದನ್ನಂತೂ ಗಿಣಿಪಾಠ ಮಾಡಿಸಿದ್ದಳು:

"ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಅಂತ ಆದ ಮೇಲೆ ಹೆಚ್ಚಿದ್ದನ್ನ ಕತ್ತರಿಸಿ ತೆಗೀಬೇಕು. ಒಳಗೆ ಮಡಿಸಿ ಉಳಿಸಿದರೆ ಹಳಬರ ಮೈ ಅಲ್ಲೇ ಕೂತಿರುತ್ತೆ. ಹೊಸಬರಿಗೆ ಚುಚ್ಚುತ್ತೆ."

ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಹೆಂಗಸರ ಬೈಬಲ್ ಕೂಟ. ಮೊದಲು ಅದು ಚರ್ಚಿನ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತಂತೆ. "ಕೈ ಕಟ್ಟಿಕೊಂಡು ಕೂತರೆ ನನಗೆ ನಿದ್ದೆ ಬರುತ್ತೆ" ಎಂದು ದೊಡ್ಡಮ್ಮ ಅದನ್ನು ಇಲ್ಲಿಗೆ ಎಳೆದು ತಂದಳು. ಬಂದವರ ಮಡಿಲಿಗೆಲ್ಲ ಒಂದೊಂದು ಅಂಗಿ ಬೀಳುತ್ತಿತ್ತು. ಕಿವಿಗೆ ದೇವರ ವಾಕ್ಯ, ಕೈಗೆ ಗುಂಡಿ ಹೊಲಿಯುವ ಕೆಲಸ. ಬ್ರೆಡ್ ಅಂಗಡಿಯ ಅಕ್ಕ ಗಟ್ಟಿಯಾಗಿ ಓದುತ್ತಿದ್ದಳು. ಅರ್ಥ ಹೇಳಿಕೊಡಲು ನಮ್ಮ ಪಾದ್ರಿಗಳು ಬರುತ್ತಿದ್ದರು. ಅವರನ್ನು ಎಲ್ಲರೂ ಅಯ್ಯನವರೇ ಎನ್ನುತ್ತಿದ್ದೆವು. ಬರುತ್ತಿದ್ದವರು ಅಯ್ಯನವರು, ಅರ್ಥ ಹೇಳುತ್ತಿದ್ದವಳು ದೊಡ್ಡಮ್ಮ.

ಸೊದೋಮ್ ಊರಿಗೆ ಬೆಂಕಿ ಬಿದ್ದಾಗ ಓಡುತ್ತಾ ತಿರುಗಿ ನೋಡಿ ಉಪ್ಪಿನ ಕಂಬವಾದ ಹೆಂಗಸಿನ ಕಥೆ ಓದಿದ ದಿನ ದೊಡ್ಡಮ್ಮ ಮಿಷಿನ್ ನಿಲ್ಲಿಸಿದಳು.

"ಇದು ಅನ್ಯಾಯ. ಮನೆ ಬಿಟ್ಟು ಹೊರಟ ಹೆಂಗಸು ಒಲೆ ಆರಿಸಿದೆನೋ ಇಲ್ಲವೋ ಅಂತ ತಿರುಗಿ ನೋಡದೆ ಇರ್ತಾಳಾ?"

"ಊರಿಗೇ ಬೆಂಕಿ ಬಿದ್ದಿತ್ತಮ್ಮ. ಒಲೆ ಯಾವ ಲೆಕ್ಕ?" ಎಂದರು ಅಯ್ಯನವರು.

ಗುಂಡಿ ಹೊಲಿಯುತ್ತಿದ್ದವರೆಲ್ಲ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡರು. ದೊಡ್ಡಮ್ಮ ನಗಲಿಲ್ಲ. ಆ ಹೆಂಗಸಿನ ಪರವಾಗಿ ಅವಳಿಗೆ ನಿಜವಾಗಿ ನೋವಾಗಿತ್ತು.

ಮಾರ್ಥಳ ಕಥೆಯಲ್ಲೂ ಹೀಗೇ. ಯೇಸು ಮನೆಗೆ ಬಂದಾಗ ತಂಗಿ ಮರಿಯ ಅವನ ಪಾದದ ಬಳಿ ಕೂತು ಕೇಳಿದಳು, ಅಕ್ಕ ಮಾರ್ಥ ಒಳಗೂ ಹೊರಗೂ ಓಡಾಡಿ ಸಾಕಾಗಿ ದೂರು ಹೇಳಿದಳು, ಹೊಗಳಿಕೆ ತಂಗಿಗೆ ಸಿಕ್ಕಿತು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಅಲ್ಲಿ ನೋಡಿದರೆ ಕೆಸರು ಒಬ್ಬಳಿಗೆ, ಮೊಸರು ಇನ್ನೊಬ್ಬಳಿಗೆ" ಎಂದು ದೊಡ್ಡಮ್ಮ ಬಟ್ಟೆ ಝಾಡಿಸಿದಳು. ಕಳೆದುಹೋದ ಒಂದು ಕುರಿಯನ್ನು ಹುಡುಕಲು ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕಥೆಗೆ ಅವಳದು ಒಂದೇ ಪ್ರಶ್ನೆ: "ಆ ಮಿಕ್ಕವನ್ನ ಯಾರು ನೋಡ್ಕೊಂಡರು?" ಅಯ್ಯನವರು ಏನೋ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟು ಟೀ ಕುಡಿದರು. ದಾರಿ ತಪ್ಪದೆ ಇದ್ದವರನ್ನು ದೇವರು ಯಾವಾಗಲಾದರೂ ತಿರುಗಿ ನೋಡುತ್ತಾನೆಯೇ ಎಂಬುದು ಅವಳ ಪ್ರಶ್ನೆಯಾಗಿತ್ತು. ಅದು ಬರೀ ಬಾಯಿಮಾತಿನ ತಕರಾರಲ್ಲ ಎಂದು ಅವರಿಗೂ ಗೊತ್ತಿತ್ತು.

ಅವಳಿಗೆ ಮನಸಾರೆ ಮೆಚ್ಚುಗೆಯಾದ ದೇವರು ಬೈಬಲ್ಲಿನ ಆರಂಭದಲ್ಲೇ ಇದ್ದ. ಆದಾಮ ಹವ್ವ ತಪ್ಪು ಮಾಡಿ, ಎಲೆ ಹೊಲಿದುಕೊಂಡು ಅವಿತು ಕೂತರು. ದೇವರು ಶಾಪ ಕೊಟ್ಟ, ತೋಟದಿಂದ ಆಚೆ ಕಳಿಸಿದ. ಆದರೆ ಕಳಿಸುವ ಮೊದಲು ತಾನೇ ಚರ್ಮದ ಅಂಗಿ ಮಾಡಿ ಇಬ್ಬರಿಗೂ ತೊಡಿಸಿದ.

"ಮೊದಲನೇ ದರ್ಜಿ ಅವನೇ" ಎನ್ನುವಳು ದೊಡ್ಡಮ್ಮ, ತನ್ನ ಮನೆತನದ ಹಿರಿಯರೊಬ್ಬರ ಸುದ್ದಿ ಹೇಳುವ ಗತ್ತಿನಲ್ಲಿ. "ಅಷ್ಟು ಕೋಪ ಬಂದಿತ್ತು, ಆದರೂ ಬರಿಮೈಲಿ ಕಳಿಸಲಿಲ್ಲ. ಕೋಪ ಬೇರೆ, ಬಟ್ಟೆ ಬೇರೆ."

ಇದು ನನಗೆ ಅರ್ಥವಾಗುತ್ತಿತ್ತು. ನಾನು ತೊಟ್ಟ ಪ್ರತಿಯೊಂದು ಫ್ರಾಕೂ ಆ ಮಾತಿಗೆ ಸಾಕ್ಷಿ.

ಎಲ್ಲಕ್ಕಿಂತ ದೊಡ್ಡ ಜಗಳ ಇಬ್ಬರು ಮಕ್ಕಳ ಕಥೆಯದು. ಕಿರಿಯ ಮಗ ತನ್ನ ಪಾಲು ತೆಗೆದುಕೊಂಡು ಊರು ಬಿಟ್ಟ, ಎಲ್ಲ ಕಳೆದ, ಹೊಟ್ಟೆಗಿಲ್ಲದೆ ಮರಳಿ ಬಂದ. ತಂದೆ ಓಡಿಹೋಗಿ ತಬ್ಬಿಕೊಂಡ, ಮನೆಯಲ್ಲಿದ್ದ ಅತಿ ಒಳ್ಳೆಯ ನಿಲುವಂಗಿ ತರಿಸಿ ತೊಡಿಸಿದ, ಕೊಬ್ಬಿದ ಕರು ಕಡಿಸಿ ಔತಣ ಮಾಡಿಸಿದ. ಹೊಲದಲ್ಲಿ ದುಡಿದು ಬಂದ ಹಿರಿಯ ಮಗ ಹಾಡು ಕುಣಿತ ಕೇಳಿ ಸಿಟ್ಟಾಗಿ ಹೊರಗೇ ನಿಂತ. ತಂದೆ ಹೊರಗೆ ಬಂದು ಕರೆದ. ಅಲ್ಲಿಗೆ ಕಥೆ ನಿಲ್ಲುತ್ತದೆ. ಹಿರಿಯವನು ಒಳಗೆ ಹೋದನೋ ಇಲ್ಲವೋ ಬರೆದಿಲ್ಲ.

"ಆ ನಿಲುವಂಗಿ ಯಾರ ಅಳತೆಯದು?" ಇದು ದೊಡ್ಡಮ್ಮನ ಪ್ರಶ್ನೆ. "ಆಗ ರೆಡಿಮೇಡ್ ಇತ್ತಾ? ಒಳ್ಳೇ ಬಟ್ಟೆ ಅಂದರೆ ಯಾರದೋ ಮೈಗೆ ಅಂತ ಹೊಲಿಸಿರ್ತಾರೆ. ಚಿಕ್ಕವನು ಊರಲ್ಲೇ ಇರಲಿಲ್ಲ. ಮನೇಲಿದ್ದ ಗಂಡುಮಗ ಒಬ್ಬನೇ. ಅವನ ಮದುವೆಗೆ ಅಂತ ಎತ್ತಿಟ್ಟಿದ್ದು ಅದು. ಕರು ಹೋದರೆ ಹೋಗಲಿ. ಅಂಗಿ ಹೆಂಗೆ ಕೊಟ್ಟರು?"

"ಅದು ತಂದೆಯ ಸ್ವಂತ ನಿಲುವಂಗಿ ಇರಬಹುದಮ್ಮ" ಎಂದರು ಅಯ್ಯನವರು.

"ಅಪ್ಪನ ಅಂಗಿ ಆಗಿದ್ದರೆ ದೊಡ್ಡವನು ಹೊರಗೆ ನಿಲ್ತಿರಲಿಲ್ಲ."

"ಕಥೆ ಅಲ್ಲಿಗೇ ಬಿಟ್ಟಿರೋದರಲ್ಲಿ ಒಂದು ಅರ್ಥ ಇದೆ. ಹೊರಗೆ ನಿಂತವರು ತಾವೇ ಮುಗಿಸಲಿ ಅಂತ ಬಿಟ್ಟಿರೋದು." ಅವರು ಇದನ್ನು ಮೆಲ್ಲಗೆ, ಅವಳ ಮುಖ ನೋಡದೆ ಹೇಳಿದರು.

"ಏನೂ ಇಲ್ಲ. ಅವನು ಹೋಗಲಿಲ್ಲ. ಹೋಗಿದ್ದರೆ ಬರೀತಿದ್ದರು. ಒಳ್ಳೇ ಸುದ್ದಿ ಯಾರಾದರೂ ಬಿಡ್ತಾರಾ?"

ಕೂಟದಲ್ಲಿ ಯಾರೂ ತಲೆ ಎತ್ತಲಿಲ್ಲ. ಅವರಿಗೆಲ್ಲ ಗೊತ್ತಿತ್ತು, ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಒಂದಿಷ್ಟು ಅಂಗಡಿಯಲ್ಲಿ, ಒಂದಿಷ್ಟು ಮನೆಯಲ್ಲಿ ಕೇಳಿ ನಾನೇ ಜೋಡಿಸಿಕೊಂಡೆ.

ತಾತನಿಗೆ ಇಬ್ಬರೇ ಹೆಣ್ಣುಮಕ್ಕಳು. ಅಜ್ಜಿ ಬೇಗ ತೀರಿಕೊಂಡಳು. ದೊಡ್ಡಮ್ಮ ಶಾಲೆ ಬಿಟ್ಟು ಮಿಷಿನ್ ಮುಂದೆ ಕೂತಳು. ಅಮ್ಮ ಶಾಲೆಯನ್ನೂ ಬಿಡಲಿಲ್ಲ, ಮಿಷಿನ್ನನ್ನೂ ಮುಟ್ಟಲಿಲ್ಲ, ಹಾಡಿಕೊಂಡು ಬೆಳೆದಳು. ದೊಡ್ಡಮ್ಮನಿಗೆ ಒಬ್ಬ ಶಾಲಾ ಮೇಷ್ಟರೊಂದಿಗೆ ಮದುವೆ ಗೊತ್ತಾಯಿತು. ಗಿರಾಕಿಗಳ ಕೆಲಸ ಮುಗಿದ ಮೇಲೆ ಅವಳು ತನ್ನ ಮದುವೆಯ ಗೌನನ್ನು ತಾನೇ ಹೊಲಿಯತೊಡಗಿದಳು. ಬಿಳಿ ಸ್ಯಾಟಿನ್, ತೋಳಿಗೆ ಲೇಸು, ಬೆನ್ನಿನುದ್ದಕ್ಕೂ ಬಟ್ಟೆ ಹೊದಿಸಿದ ಪುಟ್ಟ ಗುಂಡಿಗಳು. ಎಂಥ ದರ್ಜಿಯಾದರೂ ತನ್ನ ಬೆನ್ನಿನ ಅಳತೆ ತಾನೇ ತೆಗೆದುಕೊಳ್ಳಲಾರ. ಅದನ್ನು ತೆಗೆದವಳು ಅಮ್ಮ. ಟೇಪು ಹಿಡಿದು ಕಚಗುಳಿ ಇಟ್ಟು ಅಕ್ಕನನ್ನು ನಗಿಸಿದ್ದಳಂತೆ.

ಮದುವೆಗೆ ಸ್ವಲ್ಪ ದಿನ ಇರುವಾಗ ಅಮ್ಮ ಬ್ಯಾಂಡಿನಲ್ಲಿ ತುತ್ತೂರಿ ಊದುವವನ ಜೊತೆ ಊರು ಬಿಟ್ಟಳು. ಆ ತುತ್ತೂರಿಯವನೇ ನನ್ನ ಅಪ್ಪ. ಯೆರಿಕೋ ಪಟ್ಟಣದ ಗೋಡೆಗಳನ್ನು ತುತ್ತೂರಿ ಊದಿ ಬೀಳಿಸಿದ ಕಥೆ ಬಂದಾಗಲೆಲ್ಲ ದೊಡ್ಡಮ್ಮ "ಗೋಡೆ ಏನು, ನಮ್ಮ ಮನೆ ಸೂರೇ ಹಾರಿಸಿದರು" ಎನ್ನುತ್ತಿದ್ದಳು. ತಂಗಿ ಓಡಿಹೋದ ಮನೆಯಿಂದ ಅಕ್ಕನನ್ನು ತರುವುದು ಹೇಗೆ ಎಂದು ಮೇಷ್ಟರ ಮನೆಯವರು ಹಿಂದೆ ಸರಿದರು. ಮೇಷ್ಟರೂ ಸರಿದರು. ಗೌನು ಟ್ರಂಕಿನ ತಳ ಸೇರಿತು.

ಎರಡು ವರ್ಷದ ಮೇಲೆ ಅಮ್ಮ ಅಪ್ಪನೊಂದಿಗೆ ಸೊರಗಿ ಸುಣ್ಣವಾಗಿ ಬಂದು ಬೀದಿಯ ತುದಿಯಲ್ಲಿ ನಿಂತಳು. ತಾತ ಕಿಟಕಿಯಿಂದ ಕಂಡವನೇ ಕುತ್ತಿಗೆಯ ಟೇಪು ಜೋತಾಡುತ್ತಿದ್ದಂತೆ ಬರಿಗಾಲಲ್ಲಿ ಓಡಿದ. ಇವರಿಗೆ ಚರ್ಚಿನಲ್ಲಿ ಮದುವೆ ಆಗಲೇಬೇಕು, ಅದೂ ಈ ವಾರವೇ ಎಂದ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಟ್ರಂಕಲ್ಲಿ ಗೌನಿದೆಯಲ್ಲಮ್ಮ, ತಂಗಿಗೆ ಸರಿ ಮಾಡಿಕೊಡು" ಎಂದ. ತಾತ ಕೆಟ್ಟವನಲ್ಲ. ಸಂತೋಷದಲ್ಲಿ ಅವನಿಗೆ ಕಣ್ಣೇ ಕಾಣಿಸಲಿಲ್ಲ.

ದೊಡ್ಡಮ್ಮ ಗೌನು ಸರಿಮಾಡಿ ಕೊಟ್ಟಳು. ಮದುವೆಯ ಊಟ ಹಿತ್ತಲಲ್ಲಿ ನಡೆಯುತ್ತಿದ್ದಾಗ ಮುಂದಿನ ಅಂಗಡಿಯಲ್ಲಿ ಮಿಷಿನ್ ಓಡುವ ಸದ್ದು ಎಲ್ಲರಿಗೂ ಕೇಳುತ್ತಿತ್ತಂತೆ. ತಾತ ಎದ್ದು ಬಂದು, ನೀನು ಯಾವಾಗಲೂ ನನ್ನ ಜೊತೆಗೇ ಇರುವವಳು, ನನ್ನದೆಲ್ಲ ನಿನ್ನದೇ ಎಂದು ಕೈ ಹಿಡಿದು ಕರೆದ. "ಗುಂಡಿಯ ಕಾಜಾ ಬಾಕಿ ಇದೆ ಅಪ್ಪ, ನೀನು ಹೋಗು" ಎಂದಳು. ಅವತ್ತು ಒಳಗೆ ಹೋಗದವಳು, ತಂಗಿ ಮನೆ ಮಾಡಿದ ಮೇಲೂ ಹೋಗಲಿಲ್ಲ. ಹೋಗುವುದಿಲ್ಲ ಎಂದು ಆಣೆ ಮಾಡಿದ್ದೇನಿಲ್ಲ, ಹೋಗಲಿಲ್ಲ ಅಷ್ಟೆ.

"ಗೌನು ಕೊಡಲ್ಲ ಅಂತ ಯಾಕೆ ಹೇಳಲಿಲ್ಲ?" ಎಂದು ನಾನೊಮ್ಮೆ ಕೇಳಿದ್ದೆ.

"ಕೊಡ್ತೀಯಾ ಅಂತ ಯಾರು ಕೇಳಿದರು?" ಎಂದಳು.

ಅಮ್ಮನ ದೂರು ಬೇರೆಯೇ ಇತ್ತು. ಮದುವೆಯ ದಿನ ಪೂರ್ತಿ ಆ ಗೌನು ಪಕ್ಕೆಗೆ ಒತ್ತಿ ಒತ್ತಿ ಚುಚ್ಚಿತಂತೆ. "ನಿನ್ನ ದೊಡ್ಡಮ್ಮನಿಗೆ ಹೊಲಿಯೋಕೆ ಬರಲ್ವಾ? ಬೇಕು ಅಂತಾನೇ ಹಂಗೆ ಮಾಡಿದ್ದು" ಎಂದು ಪಾತ್ರೆ ಉಜ್ಜುತ್ತಾ ಹೇಳುವಳು. ಹೇಳಿ ಅಳುವಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂದು ಅಪ್ಪ ನಿಟ್ಟುಸಿರು ಬಿಟ್ಟು ಕುರ್ಚಿ ಒರೆಸಲು ಹೋಗುವನು. ಅಕ್ಕ ಬಂದರೆ ಅಮ್ಮನಿಗೆ ಸಂತೋಷ, ಹೋದರೆ ಸಂಕಟ. ಇಬ್ಬರನ್ನೂ ನಾನು ಪ್ರೀತಿಸುತ್ತಿದ್ದೆ. ಒಂದು ಗೇಟು ನನ್ನ ಬಾಲ್ಯವನ್ನೆಲ್ಲ ಎರಡು ಪಾಲು ಮಾಡಿತ್ತು.

ನನ್ನ ಮದುವೆ ಗೊತ್ತಾದಾಗ ನನಗೆ ಬೇಕಾಗಿದ್ದು ಒಂದೇ ಒಂದು. ಅವತ್ತು ದೊಡ್ಡಮ್ಮ ನಮ್ಮ ಮನೆಯೊಳಗೆ ಬರಬೇಕು. ನನ್ನ ಬೆನ್ನ ಹಿಂದೆ ನಿಂತು ಗುಂಡಿಗಳನ್ನು ಅವಳೇ ಹಾಕಬೇಕು. ಅಂಗಡಿಗೆ ಹೋಗಿ ನೇರ ಹೇಳಿದೆ.

"ಅಂಗಡಿಗೇ ಬಾ. ಇಲ್ಲೇ ತೊಡಿಸಿ ಕಳಿಸ್ತೀನಿ."

"ನಾನು ನಮ್ಮ ಮನೆಯಿಂದ ಹೊರಡಬೇಕು ದೊಡ್ಡಮ್ಮ."

"ಹಂಗಾದರೆ ಗೇಟಿಗೆ ಬಾ."

"ಬೀದೀಲಿ ಸುತ್ತು ತಿರುಗೋಕೆ ನಾನಿನ್ನೂ ಫ್ರಾಕಿನ ಹುಡುಗಿನಾ?"

ಅವಳು ಗುಂಡುಸೂಜಿಗಳನ್ನು ಬಾಯಿಗೆ ಹಾಕಿಕೊಂಡಳು. ನನಗೆ ರೇಗಿತು.

"ಕೋಪ ಬೇರೆ, ಬಟ್ಟೆ ಬೇರೆ ಅಂತ ನೀನೇ ಹೇಳ್ತೀಯ. ಬಟ್ಟೆ ಮಾತ್ರ ಕೊಟ್ಟು ಕೊಟ್ಟು ಕೋಪಾನ ಹಂಗೇ ಇಟ್ಟುಕೊಂಡಿದ್ದೀಯ."

"ದೇವರೂ ಅಂಗಿ ಕೊಟ್ಟ" ಎಂದಳು ಸೂಜಿಗಳ ಸಂದಿಯಿಂದ. "ಮತ್ತೆ ತೋಟದೊಳಗೆ ಸೇರಿಸಿಕೊಳ್ಳಲಿಲ್ಲ."

"ಅಲ್ಲಿ ಕೋಪ ಮಾಡಿಕೊಂಡವನು ತೋಟದ ಒಳಗಿದ್ದ. ಇಲ್ಲಿ ಹೊರಗೆ ಕೂತಿರೋಳು ನೀನು."

ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ನಾನು ಬಾಗಿಲು ದಾಟುವಾಗ, ನಾಳೆ ಬೆಳಿಗ್ಗೆ ಅಳತೆ ತೆಗೆಯಲು ಗೇಟಿಗೆ ಬರುತ್ತೇನೆ ಎಂದಷ್ಟೇ ಹೇಳಿದಳು.

ಮನೆಗೆ ಬಂದರೆ ಅಮ್ಮ ಟ್ರಂಕು ಬಿಚ್ಚಿಕೊಂಡು ಕೂತಿದ್ದಳು. ಮಡಿಲಲ್ಲಿ ಆ ಗೌನು. ಬಿಳಿ ಬಣ್ಣ ಕೆನೆಯಂತಾಗಿತ್ತು, ಲೇಸು ಮಾತ್ರ ಹಾಗೇ ಇತ್ತು. "ಹೊಸದು ಯಾಕೆ? ಇದನ್ನೇ ಹಾಕ್ಕೋ. ಆದರೆ ನಿನ್ನ ಭುಜ ನನ್ನದಲ್ಲ, ಅಕ್ಕನದು. ಬಿಗಿ ಆಗುತ್ತೆ. ಬಿಡಿಸೋಕೆ ಒಳಗೆ ಬಟ್ಟೆ ಇದೆಯೋ ಇಲ್ಲವೋ ನೋಡು" ಎಂದಳು.

ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಅಂಗಡಿಯ ಪದ್ಧತಿಯೇ ಅದು, ಹೆಚ್ಚಿದ್ದನ್ನು ಕತ್ತರಿಸಿ ತೆಗೆಯುವುದು. ಆದರೂ ಒಳಮೈ ತಿರುವಿ ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಹಿಡಿದೆ. ದಪ್ಪಗಿತ್ತು. ಅಸ್ತರಿನ ಕೆಳಗೆ ಒಂದು ಗೇಣು ಬಿಚ್ಚಿದೆ. ಬಟ್ಟೆ ಮಡಿಕೆ ಮಡಿಕೆಯಾಗಿ ಒಳಗೇ ಇತ್ತು, ಒಂದು ಎಳೆಯೂ ಕತ್ತರಿಸಿರಲಿಲ್ಲ. ಮಡಿಕೆಯನ್ನು ಹಿಡಿದಿದ್ದದ್ದು ಉದ್ದುದ್ದನೆಯ ಕಚ್ಚಾ ಹೊಲಿಗೆ, ನಾಳೆಯೋ ನಾಡಿದ್ದೋ ಬಿಚ್ಚಬೇಕಾದ್ದಕ್ಕೆ ಹಾಕುವಂಥದ್ದು. ಒಳಗೆ ಹಳೆಯ ಗೆರೆ, ದೊಡ್ಡಮ್ಮನ ಸ್ವಂತ ಅಳತೆಯ ಗೆರೆ, ಸೀಮೆಸುಣ್ಣದಲ್ಲಿ ಇನ್ನೂ ಮಸುಕಾಗಿ ಕಾಣುತ್ತಿತ್ತು.

"ಅಮ್ಮ, ನಿನಗೆ ಚುಚ್ಚಿದ್ದು ಇದು. ದೊಡ್ಡಮ್ಮ ಕತ್ತರಿಸೇ ಇಲ್ಲ" ಎಂದೆ. ತಾತನ ಪಾಠವನ್ನು ಅವಳಿಗೆ ಹೇಳಿದೆ. ಹಳಬರ ಮೈ ಒಳಗೇ ಕೂತಿರುತ್ತದೆ ಎಂಬುದನ್ನೂ.

ಅಮ್ಮ ಗೌನನ್ನು ಬೆಳಕಿಗೆ ಹಿಡಿದು ಆ ಗೆರೆಯನ್ನು ನೋಡಿದಳು. ಆಮೇಲೆ ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡಳು. ಸೂಜಿಗೆ ದಾರ ಪೋಣಿಸಲು ಬಾರದ ನನ್ನ ಅಮ್ಮ ಮಧ್ಯಾಹ್ನವೆಲ್ಲ ಕಿಟಕಿಯ ಬಳಿ ಕೂತು ಆ ಹೊಲಿಗೆಗಳನ್ನು ಬಿಚ್ಚಿದಳು. ನಾನು ಮಾಡಿಕೊಡುತ್ತೇನೆ ಎಂದರೆ ಕೈ ತಳ್ಳಿದಳು. "ಅಳತೆ ತೆಗೆದವಳು ನಾನೇ ಕಣೆ" ಎಂದು ಒಮ್ಮೆ ಮಾತ್ರ ಹೇಳಿದಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಬಂದಳು, ಕುರ್ಚಿಯಲ್ಲಿ ಕೂತಳು, ಟೇಪು ತೆಗೆದಳು. ನಾನು ಬೀದಿಗೆ ಹೋಗಿ ಅವಳ ಮುಂದೆ ನಿಂತೆ. ಅಷ್ಟರಲ್ಲಿ ಅಮ್ಮ ಗೇಟು ತೆರೆದು ಹೊರಗೆ ಬಂದಳು. ಅಷ್ಟು ವರ್ಷಗಳಲ್ಲಿ, ಅಕ್ಕ ಆ ಕುರ್ಚಿಯಲ್ಲಿ ಕೂತಿದ್ದಾಗ ಅಮ್ಮ ಒಂದು ಸಲವೂ ಗೇಟಿನಿಂದ ಆಚೆ ಬಂದಿರಲಿಲ್ಲ. ದೊಡ್ಡಮ್ಮ ಒಳಗೆ ಬರುವುದಿಲ್ಲ ಎಂದು ನಾವೆಲ್ಲ ಹೇಳಿದ್ದೇ ಹೇಳಿದ್ದು; ಅಮ್ಮನೂ ಹೊರಗೆ ಹೋಗಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ಅಮ್ಮ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಗೌನನ್ನು ಅಕ್ಕನ ಮಡಿಲಲ್ಲಿ ಇಟ್ಟಳು.

"ಎಲ್ಲ ಬಿಚ್ಚಿದೀನಿ ಅಕ್ಕ. ನಿನ್ನ ಅಳತೆಗೇ ಬಂತು. ಅಪ್ಪ ಕೊಟ್ಟರು, ನಾನು ಹಾಕ್ಕೊಂಡೆ. ನಿನ್ನನ್ನ ಒಂದು ಮಾತು ಕೇಳಲಿಲ್ಲ. ಚುಚ್ಚುತ್ತೆ ಅಂತ ಇಷ್ಟು ವರ್ಷ ಬೈಕೊಂಡು ತಿರುಗಿದೆ. ಇದು ನಿಂದು. ತಗೋ."

ದೊಡ್ಡಮ್ಮ ಪಕ್ಕದ ಹೊಲಿಗೆಯ ಜಾಗದಲ್ಲಿ ಬೆರಳು ಆಡಿಸಿದಳು. ಎದುರುಮನೆಯವರು ಕಿಟಕಿಗೆ ಬಂದವರು ಏನೂ ಹೇಳದೆ ಪರದೆ ಎಳೆದುಕೊಂಡರು.

"ಬಿಚ್ಚಿದ್ದು ಯಾರು?"

"ನಾನೇ."

"ಅದಕ್ಕೇ. ಬಟ್ಟೆ ಹೆಂಗೆ ಎಳೆದಿದ್ದೀಯ ನೋಡು ಪುಟ್ಟಿ. ಹೊಲಿಯೋಕಂತೂ ಬರಲಿಲ್ಲ, ಬಿಚ್ಚೋಕಾದರೂ ಕಲೀಬಾರದಾ?" ಎಂದಳು. ಅಮ್ಮನನ್ನು ಪುಟ್ಟಿ ಎಂದು ಯಾರಾದರೂ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ದೊಡ್ಡಮ್ಮ ಗೌನನ್ನು ಎತ್ತಿ ಆ ಕಡೆ ಈ ಕಡೆ ತಿರುಗಿಸಿದಳು. ಬಿಸಿಲು ಬೀದಿಯ ತುಂಬ ಬಿದ್ದಿತ್ತು, ಕಣ್ಣು ಕುಕ್ಕುವ ಹಾಗೆ.

"ಇಲ್ಲಿ ಬೆಳಕು ಸಾಲದು. ಒಳಗೆ ನಡೀರಿ" ಎಂದು ಎದ್ದಳು.

ಅವಳು ಮಂಡಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿದಳು. ಅಪ್ಪ ಬಾಗಿಲಲ್ಲಿ ಟೀ ಲೋಟ ಹಿಡಿದುಕೊಂಡು ಬೆಪ್ಪನಂತೆ ನಿಂತಿದ್ದ. ಲೋಟವನ್ನು ನನ್ನ ಕೈಗೆ ಕೊಟ್ಟು, ಓಡಿಹೋಗಿ ಆ ಕುರ್ಚಿಯನ್ನು ಹೊತ್ತು ತಂದು ಕೋಣೆಯ ನಡುವೆ ಇಟ್ಟ. ನಾನು ಅತ್ತೆ. ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದ ಹಾಗೆ, ಗಟ್ಟಿಯಾಗಿ ಅತ್ತೆ.

ಗೌನು ನನ್ನ ಭುಜಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸೊಂಟದಲ್ಲಿ ಸ್ವಲ್ಪ ಸಡಿಲ. ದೊಡ್ಡಮ್ಮ ಗುಂಡುಸೂಜಿ ಚುಚ್ಚಿ ಗೆರೆ ಎಳೆದಳು. ಕತ್ತರಿ ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು.

"ಅಕ್ಕ, ಇದನ್ನ ಇವಳಿಗೆ ಕೊಡ್ತೀಯಾ?" ಎಂದು ಅಮ್ಮ ಕೇಳಿದಳು.

"ಕೊಡ್ತೀನಿ" ಎಂದಳು ದೊಡ್ಡಮ್ಮ. ಹೆಚ್ಚಿದ್ದನ್ನು ಕತ್ತರಿಸಿದಳು. ಬಿಳಿಯ ಪಟ್ಟಿ ನೆಲಕ್ಕೆ ಬಿತ್ತು, ಅಮ್ಮ ಎತ್ತಿಕೊಂಡಳು. ನನ್ನ ಮದುವೆಯ ದಿನ ಆ ಗೌನು ನನಗೆ ಎಲ್ಲೂ ಚುಚ್ಚಲಿಲ್ಲ.

ಈಗ ಇಬ್ಬರೂ ಇಲ್ಲ. ಅಯ್ಯನವರೂ ಹೋದರು. ಆ ಕುರ್ಚಿ ಅಂಗಡಿಯಲ್ಲಿದೆ, ಗಿರಾಕಿಗಳು ಕೂರುತ್ತಾರೆ. ಕೈಕೆಲಸ ಇಲ್ಲದ ಮಧ್ಯಾಹ್ನ ಆ ಬುಧವಾರಗಳು ನೆನಪಾಗುತ್ತವೆ, ಅದರಲ್ಲೂ ನನ್ನ ಮದುವೆಯ ನಂತರದ ಒಂದು ಬುಧವಾರ. ಬ್ರೆಡ್ ಅಂಗಡಿಯ ಅಕ್ಕ ಮತ್ತೆ ಇಬ್ಬರು ಮಕ್ಕಳ ಕಥೆ ಓದಿದಳು. ಅಯ್ಯನವರೇ ಬೇಕೆಂದು ಆರಿಸಿದ್ದರೆಂದು ನನ್ನ ಗುಮಾನಿ. ಓದಿ ಮುಗಿದಾಗ ಎಲ್ಲರೂ ಅಂಗಿಗಳ ಮೇಲೆ ಬಗ್ಗಿ ದೊಡ್ಡಮ್ಮನ ತಕರಾರಿಗೆ ಕಾದರು.

"ನಿಲುವಂಗಿ ದೊಡ್ಡವನದೇ. ಅದರಲ್ಲಿ ಅನುಮಾನ ಬೇಡ" ಎಂದಳು.

"ಒಪ್ಪಿದೆನಮ್ಮ" ಎಂದರು ಅಯ್ಯನವರು.

"ಆದರೆ ಕೊನೇಲಿ ಒಂದು ಸಾಲು ಬಿಟ್ಟುಹೋಗಿದೆ. ಅಪ್ಪ ಕರೆದರೆ ಬರೋ ಪೈಕಿ ಅಲ್ಲ ಅವನು. ಚಿಕ್ಕವನು ಎದ್ದು ಹೊರಗೆ ಬಂದ. ಬಂದು, ಅಣ್ಣ ಇದು ನಿಂದು ಅಂತ ಹೇಳಿದ."

"ಹಾಗಂತ ಬರೆದಿಲ್ಲವಲ್ಲ."

"ಬರೆದಿಲ್ಲ."

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. "ಹಾಗಾದರೆ ದೊಡ್ಡವನು ಒಳಗೆ ಹೋದನಾ?"

ದೊಡ್ಡಮ್ಮ ಗುಂಡಿಗೆ ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಲ್ಲಿ ಕಡಿದಳು.

"ಹೋದ ಅಯ್ಯನವರೇ. ಊಟ ಆರಿಹೋಗಿತ್ತು. ಆದರೂ ಹೋದ."